ಗಾಳಿ ಸೋಕದ ಹಾದಿ: ಮನೆಯಲ್ಲಿ ಕೆಗ್‌ನಿಂದ ಕೆಗ್‌ಗೆ ಬಿಯರ್

ಕೆಗ್ ಎಂದರೆ ಬಿಯರನ್ನು ಅದರ ಅನಿಲದ ಸಮೇತ ಹಿಡಿದಿಡುವ, ಬಾಯಿ ಬಿಗಿದ ಸ್ಟೀಲ್ ಪಾತ್ರೆ. ಅದರಲ್ಲಿರುವುದನ್ನು ಇನ್ನೊಂದು ಕೆಗ್‌ಗೆ ದಾಟಿಸುವುದು ಕೊಡದಿಂದ ಕೊಡಕ್ಕೆ ನೀರು ಬಗ್ಗಿಸಿದಂತಲ್ಲ. ನೀರನ್ನು ಎತ್ತರದಿಂದ ಸುರಿದರೂ ನಷ್ಟವಿಲ್ಲ, ಗಾಳಿ ತಾಗಿದರೂ ನಷ್ಟವಿಲ್ಲ. ಬಿಯರಿಗೆ ಎರಡೂ ಆಗಿಬರುವುದಿಲ್ಲ. ಮುಚ್ಚಳ ತೆರೆದು ಸುರಿದರೆ ಅದರೊಳಗೆ ಕರಗಿದ್ದ ಇಂಗಾಲದ ಡೈಆಕ್ಸೈಡ್ ನೊರೆಯಾಗಿ ಎದ್ದು ಹೊರಟುಹೋಗುತ್ತದೆ. ಅದೇ ಹೊತ್ತಿಗೆ ಗಾಳಿಯಲ್ಲಿರುವ ಆಮ್ಲಜನಕ ಒಳಗೆ ಸೇರಿಕೊಳ್ಳುತ್ತದೆ. ಮೊದಲನೆಯದರಿಂದ ಬಿಯರ್ ಚಪ್ಪೆಯಾಗುತ್ತದೆ, ಎರಡನೆಯದರಿಂದ ಬೇಗ ಹಳತಾಗುತ್ತದೆ. ಚಪ್ಪೆಯಾದದ್ದಕ್ಕೆ ಮತ್ತೆ ಅನಿಲ ತುಂಬಬಹುದು. ಆಮ್ಲಜನಕ ಕೆಡಿಸಿದ್ದನ್ನು ಮತ್ತೆ ಸರಿಪಡಿಸುವ ದಾರಿ ಇಲ್ಲ. ಆದ್ದರಿಂದ ಈ ಕೆಲಸದ ಪ್ರತಿಯೊಂದು ಹೆಜ್ಜೆಯೂ ಎರಡು ನಿಯಮಗಳಿಗೆ ಕಟ್ಟುಬಿದ್ದಿದೆ: ಒಳಗಿನ ಒತ್ತಡ ಕುಸಿಯಬಾರದು, ಹೊರಗಿನ ಗಾಳಿ ಸೋಕಬಾರದು.

ಈ ಕೆಲಸ ಮನೆಮನೆಯ ಹವ್ಯಾಸವಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 1933ರಲ್ಲಿ ಪಾನನಿಷೇಧ ತೆರವಾದಾಗ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅನುಮತಿ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾನೂನು ಆ ತೊಡಕನ್ನು ಬಿಡಿಸಿತು. ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ತಯಾರಿಸಬಹುದು ಎಂದಾಯಿತು. ಆದರೂ ರಾಜ್ಯಗಳ ಒಪ್ಪಿಗೆ ಬೇಕಿತ್ತು. ಕೊನೆಯದಾಗಿ ಅಲಬಾಮ ಮತ್ತು ಮಿಸಿಸಿಪಿ ಒಪ್ಪಿದ್ದು 2013ರಲ್ಲಿ. ಭಾರತದಲ್ಲಿ ಸ್ಥಿತಿ ಬೇರೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬೆಂಗಳೂರಿನ ಮೈಕ್ರೊಬ್ರೂವರಿಗಳು ಕೆಲಸ ಮಾಡುವುದು ಅಂಥ ಪರವಾನಗಿ ಪಡೆದೇ. ಕಾನೂನು ಊರಿಗೊಂದಾದರೂ ಕೆಗ್‌ನೊಳಗಿನ ಅನಿಲದ ನಡತೆ ಎಲ್ಲ ಕಡೆಯೂ ಒಂದೇ.

ಕೆಗ್‌ಗಳಲ್ಲಿ ಎರಡು ಕುಲ

ಅಮೆರಿಕದ ಮನೆಗಳಲ್ಲಿ ಕಾಣುವ ಕೆಗ್‌ಗಳನ್ನು ಮುಖ್ಯವಾಗಿ ಎರಡು ಕುಲಗಳಾಗಿ ವಿಂಗಡಿಸಬಹುದು. ಒಂದು ಕಾರ್ನೀಲಿಯಸ್ ಕೆಗ್, ಬಳಸುವವರ ಬಾಯಲ್ಲಿ ‘ಕಾರ್ನಿ’. ಇನ್ನೊಂದು ಸ್ಯಾಂಕಿ ಕೆಗ್.

ಕಾರ್ನಿ ಹುಟ್ಟಿದ್ದು ಬಿಯರಿಗಾಗಿ ಅಲ್ಲ, ಸೋಡಾ ಅಂಗಡಿಗಾಗಿ. ತಂಪು ಪಾನೀಯದ ಸಿರಪ್ಪನ್ನು ಅಂಗಡಿಗಳಿಗೆ ಸಾಗಿಸಲು ಈ ಪಾತ್ರೆಗಳು ಬಳಕೆಗೆ ಬಂದವು. ಕಾರ್ನೀಲಿಯಸ್ ಎಂಬುದು ಅವನ್ನು ತಯಾರಿಸುತ್ತಿದ್ದ ಕಂಪನಿಯ ಹೆಸರು. ಮುಂದೆ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಸಿರಪ್ ಬರತೊಡಗಿದಾಗ ಸ್ಟೀಲ್ ಪಾತ್ರೆಗಳು ಸಾಲುಸಾಲಾಗಿ ಮೂಲೆಗೆ ಬಿದ್ದವು, ಹಳೆಯ ಸಾಮಾನಿನ ಬೆಲೆಗೆ ಮಾರಾಟವಾದವು. ಮನೆಯಲ್ಲಿ ಬಿಯರ್ ಮಾಡುವವರಿಗೆ ಅವು ಹೇಳಿ ಮಾಡಿಸಿದಂತಿದ್ದವು. ಹಿಡಿಸುವುದು 5 ಅಮೆರಿಕನ್ ಗ್ಯಾಲನ್, ಅಂದರೆ 18.9 ಲೀಟರ್. ಬಾಯಿ ಅಂಡಾಕಾರ, ಮುಚ್ಚಳವನ್ನು ಓರೆ ಮಾಡಿ ಒಳಗಿಳಿಸಿ, ತಿರುಗಿಸಿ, ಮೇಲಕ್ಕೆಳೆದು ಕೂರಿಸಬೇಕು. ಒಳಮುಚ್ಚಳದ ಪ್ರೆಶರ್ ಕುಕ್ಕರ್ ಬಳಸುವವರಿಗೆ ಇದು ಪರಿಚಿತ ಕೈಚಳಕ. ತತ್ವವೂ ಅದೇ: ಒಳಗಿನ ಒತ್ತಡ ಏರಿದಷ್ಟೂ ಮುಚ್ಚಳ ತನ್ನ ರಬ್ಬರ್ ಬಳೆಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ.

ಕಾರ್ನಿಯ ತಲೆಯ ಮೇಲೆ ಎರಡು ಮೂತಿಗಳಿವೆ. ಅನಿಲದ ಮೂತಿಯ ಕೆಳಗೆ ಬೆರಳುದ್ದದ ಕೊಳವೆ. ದ್ರವದ ಮೂತಿಯ ಕೆಳಗೆ ತಳ ಮುಟ್ಟುವ ಉದ್ದ ಕೊಳವೆ. ಪ್ರತಿ ಮೂತಿಯೊಳಗೂ ಸ್ಪ್ರಿಂಗ್ ಒತ್ತಿ ಹಿಡಿದ ಪುಟ್ಟ ಬಿರಡೆಯಿದ್ದು, ಜೋಡಣೆಯನ್ನು ಅದುಮಿದಾಗ ಮಾತ್ರ ಅದು ಕೆಳಗಿಳಿದು ದಾರಿ ಬಿಡುತ್ತದೆ. ಪೆಪ್ಸಿ ಬಳಗದಿಂದ ಬಂದವು ‘ಬಾಲ್ ಲಾಕ್’, ಕೋಕಾ ಕೋಲಾ ಬಳಗದಿಂದ ಬಂದವು ‘ಪಿನ್ ಲಾಕ್’. ಪಿನ್ ಲಾಕ್ ತುಸು ಗಿಡ್ಡ, ತುಸು ದಪ್ಪ. ಅದರ ಅನಿಲದ ಮೂತಿಗೆ 2 ಮೊಳೆ, ದ್ರವದ ಮೂತಿಗೆ 3 ಮೊಳೆ. ಹೀಗಾಗಿ ಅದಲುಬದಲಾಗುವ ಪ್ರಶ್ನೆಯೇ ಇಲ್ಲ. ಬಾಲ್ ಲಾಕ್‌ನಲ್ಲಿ ಬಣ್ಣವೇ ಗುರುತು: ಅನಿಲದ ಜೋಡಣೆ ಬೂದು, ದ್ರವದ್ದು ಕಪ್ಪು. ಬಲವಂತದಿಂದ ತಪ್ಪು ಮೂತಿಗೆ ಕೂರಿಸಿದರೆ ಜೋಡಣೆ ಅಲ್ಲೇ ಕಚ್ಚಿಕೊಂಡು, ಬಿಡಿಸುವುದು ಕಷ್ಟವಾಗುತ್ತದೆ.

ಸ್ಯಾಂಕಿ ಕಾರ್ಖಾನೆಯ ಬಿಯರಿನ ಕೆಗ್. ಬ್ರಿಟನ್ನಿನ ಜಿಕೆಎನ್ ಸ್ಯಾಂಕಿ ಕಂಪನಿಯಿಂದ ಬಂದ ಹೆಸರು ಅದು. ಇದಕ್ಕೆ ಮುಚ್ಚಳವಿಲ್ಲ, ನೆತ್ತಿಯ ನಡುವೆ ಇರುವುದು ಒಂದೇ ಬಾಯಿ, ಅದರೊಳಗೆ ತಳದವರೆಗೆ ಇಳಿದ ಒಂದು ಕೊಳವೆ. ಆ ಬಾಯಿಗೆ ‘ಕಪ್ಲರ್’ ಎಂಬ ಹಿಡಿಕೆಯನ್ನು ತಿರುಚಿ ಕೂರಿಸಿ ಸನ್ನೆಯನ್ನು ಒತ್ತಿದರೆ ವಾಲ್ವ್ ತೆರೆದುಕೊಳ್ಳುತ್ತದೆ. ಕೊಳವೆಯ ಸುತ್ತಲಿನ ಜಾಗದಿಂದ ಅನಿಲ ಒಳಗಿಳಿಯುತ್ತದೆ, ಕೊಳವೆಯ ಮೂಲಕ ಬಿಯರ್ ಮೇಲೇರುತ್ತದೆ. ಅಮೆರಿಕದ ಕೆಗ್‌ಗಳಿಗೆ ‘ಡಿ’ ಮಾದರಿಯ ಕಪ್ಲರ್ ಹೊಂದುತ್ತದೆ, ಯುರೋಪಿನ ಅನೇಕ ಕೆಗ್‌ಗಳಿಗೆ ‘ಎಸ್’ ಮಾದರಿ, ಐರ್ಲೆಂಡಿನ ಗಿನ್ನೆಸ್‌ಗೆ ‘ಯು’ ಮಾದರಿ. ಮಾದರಿ ನೋಡಿಕೊಳ್ಳದೆ ಕಪ್ಲರ್ ಕೊಂಡರೆ ಅದು ಕೂರುವುದೇ ಇಲ್ಲ.

ಸ್ಯಾಂಕಿಯ ದೊಡ್ಡ ಅಳತೆ ‘ಅರ್ಧ ಬ್ಯಾರೆಲ್’: 58.7 ಲೀಟರ್. ತುಂಬಿದಾಗ ಅದರ ತೂಕ ಸುಮಾರು 73 ಕೆ.ಜಿ. ಚಿಕ್ಕದು ‘ಆರನೇ ಒಂದು ಬ್ಯಾರೆಲ್’: 19.5 ಲೀಟರ್. ಕೆಗ್‌ನಿಂದ ಕೆಗ್‌ಗೆ ದಾಟಿಸುವ ಅಗತ್ಯ ಹುಟ್ಟುವುದು ಈ ಅಳತೆಗಳಿಂದಲೇ. ಒಂದು ಅರ್ಧ ಬ್ಯಾರೆಲ್ಲನ್ನು ಮನೆಯ ಫ್ರಿಜ್ಜಿನಲ್ಲಿ ಇಡಲಾಗದು. ಅದೇ ಬಿಯರ್ 3 ಕಾರ್ನಿಗಳಲ್ಲಿ ಹಂಚಿಹೋಗುತ್ತದೆ, ತುಸು ಮಿಗುತ್ತದೆ. ಹುದುಗಿಸಿದ ಕೆಗ್‌ನ ತಳದಲ್ಲಿ ಕೂತ ಯೀಸ್ಟಿನ ಗಸಿಯಿಂದ ತಿಳಿ ಬಿಯರನ್ನು ಬೇರ್ಪಡಿಸಬೇಕಾದಾಗಲೂ ಹೊಸ ಕೆಗ್ ಬೇಕು. ಗಸಿ ಇದ್ದಂತೆಯೇ ಕೆಗ್ಗನ್ನು ಕಾರಿನಲ್ಲಿ ಒಯ್ದರೆ ದಾರಿಯ ಕುಲುಕಿಗೆ ಎಲ್ಲವೂ ಕದಡುತ್ತದೆ. ಗೆಳೆಯರ ಮನೆಗೆ 4 ಲೀಟರಿನ ಪುಟ್ಟ ಕೆಗ್ ಒಯ್ಯುವುದು ಇನ್ನೊಂದು ಸಾಮಾನ್ಯ ಕಾರಣ.

ಕರಗಿದ ಅನಿಲದ ಲೆಕ್ಕ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ವಾಸವಿದ್ದ ಮನೆಯ ಪಕ್ಕದಲ್ಲೇ ಒಂದು ಬಿಯರ್ ಕಾರ್ಖಾನೆಯಿತ್ತು. ಹುದುಗುತ್ತಿದ್ದ ತೊಟ್ಟಿಗಳ ಮೇಲೆ ನಿಲ್ಲುವ ಅನಿಲವನ್ನು ನೀರಿಗೆ ಸೇರಿಸಬಹುದೆಂದು ಅವರು ಅಲ್ಲಿ ಕಂಡುಕೊಂಡರು, 1772ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಸೋಡಾ ನೀರಿನ ಕಥೆ ಬಿಯರಿನ ತೊಟ್ಟಿಯಿಂದಲೇ ಶುರುವಾಗುತ್ತದೆ. 1803ರಲ್ಲಿ ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ ಇದರ ನಿಯಮವನ್ನು ಹೇಳಿದರು: ಉಷ್ಣತೆ ಬದಲಾಗದಿದ್ದರೆ ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಮೇಲಿರುವ ಆ ಅನಿಲದ ಒತ್ತಡಕ್ಕೆ ಅನುಗುಣವಾಗಿರುತ್ತದೆ. ಒತ್ತಡ ಇಳಿಸಿದರೆ ಕರಗಿದ್ದು ಹೊರಬರುತ್ತದೆ. ಬಿಸಿ ಏರಿದರೂ ಹೊರಬರುತ್ತದೆ.

ಬಿಯರ್ ಮಾಡುವವರು ಕರಗಿದ ಅನಿಲವನ್ನು ‘ವಾಲ್ಯೂಮ್’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಲೀಟರ್ ಬಿಯರಿನಲ್ಲಿ ಎರಡೂವರೆ ಲೀಟರ್ ಅನಿಲ ಕರಗಿದ್ದರೆ ಅದು 2.5 ವಾಲ್ಯೂಮ್, ಅಮೆರಿಕದ ಬಹುಪಾಲು ಬಿಯರ್‌ಗಳು ಇದರ ಆಸುಪಾಸಿನಲ್ಲೇ ಇರುತ್ತವೆ. ಹಾಗೆಂದರೆ ಒಂದು ಕಾರ್ನಿಯ ಬಿಯರಿನೊಳಗೆ ಸುಮಾರು 47 ಲೀಟರ್ ಅನಿಲ ಅಡಗಿ ಕೂತಿದೆ. 3 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಇದನ್ನು ಹಿಡಿದಿಡಲು 11 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡ ಸಾಕು. 20 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ 27ರಿಂದ 28 ಪಿಎಸ್‌ಐ ಬೇಕು, ಹೆಚ್ಚೂಕಡಿಮೆ ಕಾರಿನ ಟೈರಿಗೆ ಹಿಡಿಸುವಷ್ಟು. ತಣ್ಣಗಿನ ಬಿಯರ್ ಶಾಂತವಾಗಿರುತ್ತದೆ, ಬೆಚ್ಚಗಾದದ್ದು ಹೊರಬರಲು ತವಕಿಸುತ್ತದೆ. ದಾಟಿಸುವ ಕೆಲಸವನ್ನು ಚಳಿಯಲ್ಲೇ ಮಾಡಬೇಕೆನ್ನುವುದು ಇದಕ್ಕೇ.

ಖಾಲಿ ಕೆಗ್‌ನಲ್ಲಿ ಒತ್ತಡವೇ ಇಲ್ಲದಿದ್ದರೆ ಅದರೊಳಗೆ ಬಿದ್ದ ಬಿಯರಿನ ಮೇಲಿನ ಹಿಡಿತ ಹಠಾತ್ತನೆ ಸಡಿಲುತ್ತದೆ. ಆಗ ಒಳಗೆ ತುಂಬುವುದು ಬಿಯರಲ್ಲ, ನೊರೆ. ನೊರೆ ಕೂರುವವರೆಗೆ ಕಾಯಬೇಕು, ಕೂತ ಮೇಲೂ ಅದು ಕಳೆದುಕೊಂಡ ಅನಿಲ ತಾನಾಗಿ ಮರಳುವುದಿಲ್ಲ. ಮೊದಲೇ ಎರಡೂ ಕೆಗ್‌ಗಳ ಒತ್ತಡವನ್ನು ಸಮ ಮಾಡಿ, ಆಮೇಲೆ ತುಂಬುವ ಕೆಗ್‌ನಿಂದ ಸ್ವಲ್ಪಸ್ವಲ್ಪವೇ ಅನಿಲ ಬಿಟ್ಟರೆ ಬಿಯರ್ ಸದ್ದಿಲ್ಲದೆ ಹರಿದು ಬರುತ್ತದೆ. ಇಡೀ ವಿಧಾನದ ತಿರುಳು ಇಷ್ಟೇ.

ಒಂದು ಲೀಟರ್ ಗಾಳಿಯ ಬೆಲೆ

ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನು ಅಡುಗೆಮನೆಯಲ್ಲಿ ದಿನವೂ ಕಾಣಬಹುದು. ಹೋಳುಗಳನ್ನು ನೀರಿಗೆ ಹಾಕುವುದು ಅದನ್ನು ತಡೆಯಲಿಕ್ಕೇ. ಬಿಯರಿಗೂ ಆಮ್ಲಜನಕ ಅಂಥದೇ ಹಾನಿ ಮಾಡುತ್ತದೆ, ಆದರೆ ನಿಧಾನವಾಗಿ. ಮೊದಲು ಹಾಪ್ಸ್ ಹೂವಿನ ಪರಿಮಳ ಮಾಸುತ್ತದೆ. ಆಮೇಲೆ ಒದ್ದೆ ರಟ್ಟಿನ ವಾಸನೆ ಇಣುಕುತ್ತದೆ. ಹಾಪ್ಸ್ ಹೇರಳವಾಗಿ ಹಾಕಿದ ಮಬ್ಬು ಐಪಿಎ ಬಿಯರ್‌ಗಳಲ್ಲಂತೂ ಹೊಂಬಣ್ಣ ಕಂದಿ ಕಂದುಬೂದು ಬಣ್ಣಕ್ಕೆ ತಿರುಗುತ್ತದೆ.

ಕಾರ್ಖಾನೆಗಳು ಪ್ಯಾಕ್ ಮಾಡಿದ ಬಿಯರಿನಲ್ಲಿ ಕರಗಿದ ಆಮ್ಲಜನಕವನ್ನು ನೂರು ಕೋಟಿಯಲ್ಲಿ 50 ಭಾಗಕ್ಕಿಂತ ಕೆಳಗಿಡಲು ಶ್ರಮಿಸುತ್ತವೆ. ಮನೆಯ ಕೆಗ್‌ನೊಂದಿಗೆ ಇದನ್ನು ತೂಗಿ ನೋಡಬಹುದು. ತುಂಬಿದ ಕಾರ್ನಿಯ ನೆತ್ತಿಯಲ್ಲಿ ಒಂದೇ ಒಂದು ಲೀಟರ್ ಗಾಳಿ ಉಳಿದಿದೆ ಎಂದುಕೊಂಡರೆ ಅದರಲ್ಲಿ ಸುಮಾರು 0.28 ಗ್ರಾಂ ಆಮ್ಲಜನಕ ಇರುತ್ತದೆ. ಅದೆಲ್ಲ 19 ಲೀಟರ್ ಬಿಯರಿಗೆ ಇಳಿದರೆ ಲೀಟರಿಗೆ ಸುಮಾರು 15 ಮಿಲಿಗ್ರಾಂ, ಅಂದರೆ ಕಾರ್ಖಾನೆಯ ಮಿತಿಯ ಸುಮಾರು 300 ಪಟ್ಟು. ಕಣ್ಣಿಗೆ ಕಾಣದ ಒಂದು ಲೀಟರ್ ಗಾಳಿ ವಾರಗಟ್ಟಲೆಯ ಶ್ರಮವನ್ನು ಕೆಡಿಸಲು ಸಾಕು.

ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಒಂದಿಷ್ಟು ಬಿಟ್ಟರೆ ತಳದಲ್ಲಿ ಹೊದಿಕೆಯಂತೆ ಹಾಸಿಕೊಂಡು ಬಿಯರನ್ನು ಕಾಯುತ್ತದೆ ಎಂಬ ನಂಬಿಕೆ ಹರಡಿಕೊಂಡಿದೆ. ಇದನ್ನು ನಂಬಿ ಕೂರುವಂತಿಲ್ಲ. ರಭಸದಿಂದ ನುಗ್ಗುವ ಅನಿಲ ಗಾಳಿಯೊಂದಿಗೆ ಕೂಡಲೇ ಬೆರೆಯುತ್ತದೆ. ಬೆರೆತ ಮೇಲೆ ಅವು ಎಣ್ಣೆ ನೀರಿನಂತೆ ಬೇರ್ಪಡುವುದಿಲ್ಲ. ಗಾಳಿಯನ್ನು ಹೊರಹಾಕಲು ಭರವಸೆಯ ದಾರಿಗಳು ಎರಡು.

ಒಂದು, ಖಾಲಿ ಕೆಗ್‌ಗೆ 30 ಪಿಎಸ್‌ಐವರೆಗೆ ಅನಿಲ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬುವುದು. ಒಂದೊಂದು ಸುತ್ತಿಗೂ ಒಳಗಿನ ಆಮ್ಲಜನಕ ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ. ಗಾಳಿಯಲ್ಲಿ ಶೇ 21 ಇದ್ದದ್ದು ಒಂದು ಸುತ್ತಿಗೆ ಶೇ 7, ಐದು ಸುತ್ತಿಗೆ ಶೇ 0.08, ಹತ್ತು ಸುತ್ತಿಗೆ ಹತ್ತು ಲಕ್ಷದಲ್ಲಿ ಸುಮಾರು 3 ಭಾಗ. ಎರಡು ಮೂರು ಸಲ ಬಿಟ್ಟು ಸುಮ್ಮನಾಗುವುದು ಏಕೆ ಸಾಲದೆಂದು ಈ ಅಂಕಿಗಳೇ ಹೇಳುತ್ತವೆ. ಹತ್ತು ಸುತ್ತಿಗೆ ಖರ್ಚಾಗುವ ಅನಿಲ ಸುಮಾರು 700 ಗ್ರಾಂ.

ಎರಡನೆಯದು ಸರಳ, ಅಗ್ಗ, ಹೆಚ್ಚು ಸಮರ್ಪಕ. ಕ್ರಿಮಿನಾಶಕ ಬೆರೆಸಿದ ನೀರನ್ನು ಕೆಗ್‌ನ ಕಂಠದವರೆಗೆ ತುಂಬಿ, ಮುಚ್ಚಿ, ಅನಿಲದ ಮೂತಿಯಿಂದ ಇಂಗಾಲದ ಡೈಆಕ್ಸೈಡ್ ಬಿಟ್ಟು ಆ ನೀರನ್ನು ದ್ರವದ ಮೂತಿಯಿಂದ ಹೊರತಳ್ಳುವುದು. ನೀರಿದ್ದಲ್ಲಿ ಗಾಳಿಗೆ ಜಾಗವಿರಲಿಲ್ಲ; ನೀರು ಬಿಟ್ಟುಹೋದ ಜಾಗವೆಲ್ಲ ಅನಿಲದ್ದೇ ಆಗುತ್ತದೆ. ಮುಚ್ಚಳದ ಕೆಳಗಿನ ಸಣ್ಣ ಗುಳ್ಳೆಯೊಂದನ್ನು ಬಿಟ್ಟರೆ ಗಾಳಿ ಉಳಿಯುವುದಿಲ್ಲ. ಖರ್ಚು 50 ಗ್ರಾಂ ಆಸುಪಾಸು. ಹೊರಬಂದ ನೀರನ್ನು ಇನ್ನೊಂದು ಕೆಗ್‌ಗೆ ತುಂಬಿ ಮತ್ತೆ ಬಳಸಬಹುದು.

ಸಿದ್ಧತೆ

ಮೊದಲ ಕೆಲಸ ತೊಳೆಯುವುದು. ಕ್ರಿಮಿನಾಶಕ ಕೊಳೆಯನ್ನು ತೆಗೆಯುವುದಿಲ್ಲ. ಕೊಳೆ ಹೋದ ಮೇಲಷ್ಟೇ ಅದಕ್ಕೆ ಕೆಲಸ. ತುಂಬಬೇಕಾದ ಕಾರ್ನಿಯ ಎರಡೂ ಮೂತಿಗಳನ್ನು ಸ್ಪ್ಯಾನರ್‌ನಿಂದ ಬಿಚ್ಚಿ, ಕೊಳವೆಗಳನ್ನು ಹೊರತೆಗೆದು, ಕ್ಷಾರೀಯ ಪುಡಿ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ ತೊಳೆಯಬೇಕು. ಸೋಡಾ ಕಾಲದ ಹಳೆಯ ಕೆಗ್ ಆದರೆ ರಬ್ಬರ್ ಬಳೆಗಳನ್ನೆಲ್ಲ ಬದಲಿಸುವುದೇ ಲೇಸು. ಸಿರಪ್ಪಿನ ವಾಸನೆಯನ್ನು ಹೀರಿಕೊಂಡ ರಬ್ಬರ್ ಅದನ್ನು ಬಿಟ್ಟುಕೊಡುವುದಿಲ್ಲ. ಮರಳಿ ಜೋಡಿಸುವಾಗ ಬಳೆಗಳಿಗೆ ತಿನ್ನಲು ಯೋಗ್ಯವಾದ ಗ್ರೀಸನ್ನು ತೆಳ್ಳಗೆ ಸವರಬೇಕು. ಆಮೇಲೆ ಕ್ರಿಮಿನಾಶಕ: ಹೆಚ್ಚು ಬಳಕೆಯಲ್ಲಿರುವ ಸ್ಟಾರ್ ಸ್ಯಾನ್ ಎಂಬ ಆಮ್ಲೀಯ ದ್ರಾವಣವಾದರೆ 19 ಲೀಟರ್ ನೀರಿಗೆ 30 ಮಿಲಿಲೀಟರ್. ಹೇಳಿದ ಪ್ರಮಾಣದಲ್ಲಿ ಬೆರೆಸಿದ್ದರೆ ಮತ್ತೆ ನೀರಿನಲ್ಲಿ ಜಾಲಿಸಬೇಕಾಗಿಲ್ಲ. ಅದರ ಒಂದಿಷ್ಟು ನೊರೆ ಒಳಗೆ ಉಳಿದರೂ ಬಿಯರಿಗೆ ಕೇಡಿಲ್ಲ.

ಎರಡನೆಯದು ತಣಿಸುವುದು. ಬಿಯರಿರುವ ಕೆಗ್ ಮಾತ್ರವಲ್ಲ, ತುಂಬಬೇಕಾದ ಕೆಗ್ಗೂ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿರಬೇಕು. ಬೆಚ್ಚಗಿನ ಸ್ಟೀಲಿಗೆ ತಣ್ಣನೆಯ ಬಿಯರ್ ತಾಗಿದಲ್ಲೆಲ್ಲ ಅನಿಲ ಗುಳ್ಳೆಯಾಗಿ ಏಳುತ್ತದೆ.

ಮೂರನೆಯದು ಸೇತುವೆಯ ಪೈಪು. ಸುಮಾರು 6 ಮಿ.ಮೀ. ಒಳವ್ಯಾಸದ ಒಂದು ಮೀಟರ್ ಪೈಪಿನ ಎರಡು ತುದಿಗೂ ಒಂದೊಂದು ದ್ರವದ ಜೋಡಣೆ ಹಾಕಿದರೆ ಅದಾಯಿತು. ತಿರುಪು ಇರುವ ಜೋಡಣೆಗಳನ್ನು ಆರಿಸಿಕೊಂಡರೆ ಅದೇ ಪೈಪಿನ ತುದಿಗೆ ಬೇಕಾದಾಗ ಬಾಲ್ ಲಾಕ್, ಬೇಕಾದಾಗ ಪಿನ್ ಲಾಕ್ ಕೂರಿಸಬಹುದು. ಸಿಲಿಕೋನ್ ಪೈಪು ಮೆತ್ತಗಿದ್ದು ಬಳಸಲು ಸುಲಭ, ಆದರೆ ಅದರ ಗೋಡೆಯ ಮೂಲಕ ಆಮ್ಲಜನಕ ಸುಲಭವಾಗಿ ನುಸುಳುತ್ತದೆ. ಈ ಕೆಲಸಕ್ಕೆ ಅದು ತಕ್ಕದ್ದಲ್ಲ.

ಕಾರ್ನಿಯಿಂದ ಕಾರ್ನಿಗೆ

ಬಿಯರಿರುವ ಕೆಗ್ 12 ಪಿಎಸ್‌ಐ ಒತ್ತಡದಲ್ಲಿದೆ ಎಂದಿಟ್ಟುಕೊಂಡರೆ, ಗಾಳಿ ಕಳೆದ ಖಾಲಿ ಕೆಗ್‌ಗೂ 12 ಪಿಎಸ್‌ಐ ತುಂಬಬೇಕು. ಆಮೇಲೆ ಸೇತುವೆ ಪೈಪಿನ ಒಂದು ತುದಿಯನ್ನು ಬಿಯರ್ ಕೆಗ್‌ನ ದ್ರವದ ಮೂತಿಗೆ ಹಾಕಿ, ಇನ್ನೊಂದು ತುದಿಯ ಬಿರಡೆಯನ್ನು ಅರೆಗಳಿಗೆ ಅದುಮಿ ಪೈಪಿನೊಳಗಿನ ಗಾಳಿಯನ್ನು ಬಿಯರಿನಿಂದಲೇ ಹೊರತಳ್ಳಬೇಕು. ತುದಿಯಿಂದ ಬಿಯರ್ ತೊಟ್ಟಿಕ್ಕಿದ ಕೂಡಲೇ ಅದನ್ನು ಖಾಲಿ ಕೆಗ್‌ನ ದ್ರವದ ಮೂತಿಗೆ ಒತ್ತಬೇಕು. ದ್ರವದ ಮೂತಿಗೇ ಯಾಕೆಂದರೆ ಅಲ್ಲಿಂದ ಇಳಿದ ಬಿಯರ್ ಉದ್ದ ಕೊಳವೆಯಲ್ಲಿ ಸಾಗಿ ತಳದಿಂದ ಮೇಲಕ್ಕೆ ತುಂಬುತ್ತದೆ. ಅನಿಲದ ಮೂತಿಯಿಂದ ಬಿಟ್ಟರೆ ಮೇಲಿನಿಂದ ಧಾರೆಯಾಗಿ ಬಿದ್ದು ನೊರೆಯೇಳುತ್ತದೆ.

ಎರಡೂ ಕಡೆ ಒತ್ತಡ ಸಮ ಇರುವುದರಿಂದ ಈಗ ಏನೂ ಹರಿಯುವುದಿಲ್ಲ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ಒತ್ತಡವನ್ನು ತಗ್ಗಿಸಿ ಕೊಡುವ ರೆಗ್ಯುಲೇಟರನ್ನು 14 ಪಿಎಸ್‌ಐಗೆ ಏರಿಸಿ ಬಿಯರ್ ಕೆಗ್‌ನ ಅನಿಲದ ಮೂತಿಗೆ ಜೋಡಿಸಿ, ತುಂಬುವ ಕೆಗ್‌ನಿಂದ ನಿಧಾನವಾಗಿ ಅನಿಲ ಬಿಡತೊಡಗಿದರೆ ಹರಿವು ಆರಂಭವಾಗುತ್ತದೆ. ಇದಕ್ಕೆ ‘ಸ್ಪಂಡಿಂಗ್ ವಾಲ್ವ್’ ಎಂಬ ಸಾಧನವಿದ್ದರೆ ಕೈಗೆ ಬಿಡುವು. ಇಷ್ಟು ಒತ್ತಡಕ್ಕಿಂತ ಹೆಚ್ಚಾದದ್ದನ್ನು ಮಾತ್ರ ಹೊರಬಿಡು ಎಂದು ತಿರುಪಿನಿಂದ ಹೇಳಿಟ್ಟರೆ ಅದು ಆ ಮಟ್ಟವನ್ನು ಕಾಯುತ್ತದೆ. ಪೀಪಾಯಿಯ ಬಿರಡೆಗೆ ಜರ್ಮನ್ನರು ಬಳಸುವ ಮಾತಿನಿಂದ ಬಂದ ಹೆಸರು ಅದು. ವಾಲ್ವ್ ಇಲ್ಲದವರು ಮುಚ್ಚಳದ ಮೇಲಿನ ಉಂಗುರವನ್ನು ಆಗಾಗ ಎತ್ತಿ ಕೈಯಿಂದಲೇ ಬಿಡುತ್ತಾರೆ. ಎತ್ತಿ ಹಿಡಿದೇ ಇದ್ದರೆ ಒತ್ತಡ ಕುಸಿದು ಪೈಪಿನಲ್ಲಿ ಬಿಳಿ ಗುಳ್ಳೆಗಳು ಓಡುತ್ತವೆ. ಅದೇ ನಿಲ್ಲಿಸಬೇಕೆಂಬ ಸೂಚನೆ. ಹರಿವು ಸರಿಯಿದ್ದರೆ ಪೈಪು ಗಾಜಿನ ಕಡ್ಡಿಯಂತೆ ತಿಳಿಯಾಗಿ ಕಾಣುತ್ತದೆ, ಹರಿಯುತ್ತಿದೆಯೋ ನಿಂತಿದೆಯೋ ಎಂದು ಅನುಮಾನ ಬರುವಷ್ಟು. ಅರ್ಧ ಗಂಟೆ ಹಿಡಿದರೂ ಅವಸರ ಮಾಡಬಾರದು.

ಮುಚ್ಚಿದ ಕೆಗ್ ಎಷ್ಟು ತುಂಬಿತೆಂದು ತಿಳಿಯುವುದು ಹೇಗೆ? ಮಂಜಿನ ಗೆರೆ ನೋಡುವುದು ಒಂದು ದಾರಿ. ತಂಪು ಬಿಯರ್ ಏರಿದಷ್ಟೂ ಕೆಗ್‌ನ ಹೊರಮೈಯಲ್ಲಿ ಸಣ್ಣ ಹನಿಗಳು ಮೂಡುತ್ತವೆ. ಕೆಳಗೆ ಬೆವರಿದ ಸ್ಟೀಲು, ಮೇಲೆ ಒಣ ಸ್ಟೀಲು, ನಡುವಿನ ಗೆರೆಯೇ ಬಿಯರಿನ ಮಟ್ಟ. ಕೆಗ್ ಮೊದಲೇ ತಣ್ಣಗಿದ್ದರೆ ಈ ಗೆರೆ ಸ್ಪಷ್ಟವಾಗಿ ಕಾಣದು. ಆಗ ತಕ್ಕಡಿಯೇ ಗತಿ. ಖಾಲಿ ಕೆಗ್‌ನ ತೂಕ ಬರೆದಿಟ್ಟುಕೊಂಡು ಅದರ ಮೇಲೆ 18 ಕೆ.ಜಿ. ಏರಿದಾಗ ನಿಲ್ಲಿಸಿದರೆ ನೆತ್ತಿಯಲ್ಲಿ ಒಂದಿಷ್ಟು ಜಾಗ ಉಳಿಯುತ್ತದೆ. ಮೀರಿ ತುಂಬಿದರೆ ಅನಿಲದ ದಾರಿಯಿಂದ ಬಿಯರ್ ಉಕ್ಕಿ ವಾಲ್ವ್ ಅಂಟಂಟಾಗುತ್ತದೆ.

ಸಿಲಿಂಡರ್ ಬಳಸದೆ ದಾಟಿಸುವ ಇನ್ನೊಂದು ಸೊಗಸಾದ ಕ್ರಮವೂ ಇದೆ. ಬಿಯರ್ ಕೆಗ್ ಮೇಜಿನ ಮೇಲೆ, ಖಾಲಿ ಕೆಗ್ ನೆಲದ ಮೇಲೆ. ದ್ರವದ ಮೂತಿಗೆ ದ್ರವದ ಮೂತಿ, ಅನಿಲದ ಮೂತಿಗೆ ಅನಿಲದ ಮೂತಿ, ಎರಡು ಪೈಪು. ತುಂಬುವ ಕೆಗ್‌ನಿಂದ ಒಂದು ಕ್ಷಣ ಅನಿಲ ಬಿಟ್ಟು ಹರಿವು ಶುರುಮಾಡಿದರೆ, ಇಳಿದ ಬಿಯರ್ ತಳ್ಳಿದ ಅನಿಲ ಎರಡನೇ ಪೈಪಿನಲ್ಲಿ ಹತ್ತಿ ಮೇಲಿನ ಕೆಗ್‌ನ ಖಾಲಿ ಜಾಗವನ್ನು ತುಂಬುತ್ತದೆ. ಒಂದು ಮೀಟರ್ ಎತ್ತರ ಕೊಡುವ ಒತ್ತಡ ಬರೀ 1.4 ಪಿಎಸ್‌ಐ, ಹರಿವು ನಿಧಾನ, ಆದರೆ ಅಷ್ಟೇ ನಯ.

ಸ್ಯಾಂಕಿಯಿಂದ ಕಾರ್ನಿಗೆ, ಕಾರ್ನಿಯಿಂದ ಸ್ಯಾಂಕಿಗೆ

ಕಾರ್ಖಾನೆಯ ಸ್ಯಾಂಕಿಯಿಂದ ಕಾರ್ನಿಗೆ ತುಂಬುವಾಗ ವಿಧಾನ ಅದೇ, ಜೋಡಣೆ ಮಾತ್ರ ಬೇರೆ. ಸ್ಯಾಂಕಿಯ ಬಾಯಿಗೆ ಕಪ್ಲರ್, ಕಪ್ಲರ್‌ನ ಅನಿಲದ ದಾರಿಗೆ ಸಿಲಿಂಡರ್, ಅದರ ಬಿಯರ್ ದಾರಿಗೆ ಸೇತುವೆಯ ಪೈಪು, ಪೈಪಿನ ಇನ್ನೊಂದು ತುದಿಯಲ್ಲಿ ಕಾರ್ನಿಯ ಕಪ್ಪು ಜೋಡಣೆ. ಕಪ್ಲರನ್ನು ಸನ್ನೆ ಮೇಲಿರುವಾಗಲೇ ಕೆಗ್‌ಗೆ ಕೂರಿಸಿ, ಎಲ್ಲ ಪೈಪುಗಳೂ ಬಿಗಿಯಾದ ಮೇಲಷ್ಟೇ ಸನ್ನೆ ಒತ್ತಬೇಕು. ಸಾಗಣೆಯಲ್ಲಿ ಕುಲುಕಿದ ಕೆಗ್ಗನ್ನು ಒಂದು ದಿನ ಚಳಿಯಲ್ಲಿ ಸುಮ್ಮನೆ ನಿಲ್ಲಿಸುವುದು ಅಗತ್ಯ. ಅಮೆರಿಕದಲ್ಲಿ ಕೆಗ್ ಬಿಯರಿನ ಬಹುಪಾಲು ಪಾಶ್ಚರೀಕರಣ ಆಗಿರುವುದಿಲ್ಲ. ಅದನ್ನು ದಾಟಿಸುವಾಗ ಶುಚಿತ್ವದಲ್ಲಿ ಸಡಿಲ ಬಿಟ್ಟರೆ ಕೆಡುವುದು ಖಂಡಿತ.

ಕಾರ್ನಿಯಿಂದ ಸ್ಯಾಂಕಿಗೆ ತುಂಬುವಾಗ ಹೊಸಬರು ಒಂದು ಕಡೆ ತಡವರಿಸುತ್ತಾರೆ. ಎಲ್ಲ ಜೋಡಿಸಿದರೂ ಬಿಯರ್ ಹರಿಯುವುದಿಲ್ಲ. ಕಾರಣ ಕಪ್ಲರ್‌ನೊಳಗಿದೆ. ಬಿಯರ್ ಹಿಂದಕ್ಕೆ ಹರಿಯದಂತೆ ಅದರ ದ್ರವದ ದಾರಿಯಲ್ಲಿ ಒಂದು ಪುಟ್ಟ ಗೋಲಿ, ಅನಿಲದ ದಾರಿಯಲ್ಲಿ ಬಾತಿನ ಕೊಕ್ಕಿನಂಥ ರಬ್ಬರ್ ತುಂಡು ಇರುತ್ತವೆ. ಗೋಲಿ ಸೋಡಾ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದ ಆ ಸೀಸೆಯಲ್ಲಿ ಒಳಗಿನ ಅನಿಲವೇ ಗೋಲಿಯನ್ನು ಕಂಠದ ರಬ್ಬರಿಗೆ ಒತ್ತಿ ಬಾಯಿ ಮುಚ್ಚುತ್ತದೆ. ಹೆಬ್ಬೆರಳಿನಿಂದ ಗೋಲಿಯನ್ನು ಅದುಮಿದಾಗ ಮಾತ್ರ ದಾರಿ. ಕಪ್ಲರ್‌ನ ಗೋಲಿಯೂ ಒಂದು ದಿಕ್ಕಿಗೆ ದಾರಿ ಬಿಟ್ಟು ಇನ್ನೊಂದು ದಿಕ್ಕಿಗೆ ಅಡ್ಡ ಕೂರುತ್ತದೆ. ಸ್ಯಾಂಕಿಗೆ ತುಂಬುವಾಗ ಹರಿವು ಉಲ್ಟಾ ಆಗುವುದರಿಂದ ಎರಡನ್ನೂ ತೆಗೆದಿಡಬೇಕು. ಆಗ ಬಿಯರ್ ನಡುಗೊಳವೆಯಲ್ಲಿ ಇಳಿದು ತಳದಿಂದ ಏರುತ್ತದೆ, ಅನಿಲ ಸುತ್ತಲಿನ ದಾರಿಯಿಂದ ಹೊರಬರುತ್ತದೆ. ಅಲ್ಲಿಗೆ ಸ್ಪಂಡಿಂಗ್ ವಾಲ್ವ್ ಜೋಡಿಸಿದರೆ ಕೆಲಸ ಕಾರ್ನಿಯಷ್ಟೇ ಸಲೀಸು. ಮುಗಿದ ಮೇಲೆ ಎರಡನ್ನೂ ಮರೆಯದೆ ಹಿಂದಿಡಬೇಕು. ಇಲ್ಲದಿದ್ದರೆ ಮುಂದೆ ಬಿಯರ್ ಹಿಮ್ಮುಖವಾಗಿ ಹತ್ತಿ ರೆಗ್ಯುಲೇಟರನ್ನು ಸೇರುತ್ತದೆ.

4 ಲೀಟರಿನ ಪುಟ್ಟ ಕೆಗ್‌ಗಳಿಗೆ ಬಾಲ್ ಲಾಕ್ ಮುಚ್ಚಳಗಳು ಸಿಗುತ್ತವೆ. ಅವಕ್ಕೂ ಇದೇ ಕ್ರಮ. ಚಿಕ್ಕ ಪಾತ್ರೆ ಬೇಗ ತುಂಬುವುದರಿಂದ ತಕ್ಕಡಿಯ ಮೇಲಿಟ್ಟೇ ತುಂಬುವುದು ಒಳ್ಳೆಯದು.

ಹರಿವು ನಿಂತಾಗ

ನಡುವೆ ಹರಿವು ನಿಂತರೆ ಕಾರಣಗಳು ಕೆಲವೇ. ತುಂಬುವ ಕೆಗ್‌ನಲ್ಲಿ ಒತ್ತಡ ಏರಿ ಎರಡೂ ಕಡೆ ಮತ್ತೆ ಸಮವಾಗಿರಬಹುದು. ಸ್ವಲ್ಪ ಅನಿಲ ಬಿಟ್ಟರೆ ಸರಿಹೋಗುತ್ತದೆ. ಹಾಪ್ಸ್ ಚೂರು ಮೂತಿಯ ಬಿರಡೆಗೆ ಸಿಕ್ಕಿಕೊಂಡಿರಬಹುದು. ಜೋಡಣೆ ಬಿಚ್ಚಿ, ಒತ್ತಡ ಪೂರ್ತಿ ಇಳಿಸಿ, ಮೂತಿಯನ್ನು ತೊಳೆಯಬೇಕು. ಪೈಪಿನಲ್ಲಿ ಶುರುವಿನಿಂದಲೂ ನೊರೆಯಿದ್ದರೆ ಒಂದೋ ಬಿಯರ್ ಸಾಕಷ್ಟು ತಣ್ಣಗಿಲ್ಲ, ಇಲ್ಲವೇ ತುಂಬುವ ಕಡೆ ಒತ್ತಡ ತೀರಾ ಕಡಿಮೆ. ಗುಳ್ಳೆಗಳು ಒಂದೇ ಜಾಗದಲ್ಲಿ ಹುಟ್ಟುತ್ತಿದ್ದರೆ ಅಲ್ಲಿನ ರಬ್ಬರ್ ಬಳೆ ಸವೆದಿದೆ ಎಂದರ್ಥ. ಸೋರಿಕೆಯ ಅನುಮಾನವಿದ್ದಲ್ಲಿ ಸೋಪಿನ ನೀರು ಹಚ್ಚಿದರೆ ಪಂಕ್ಚರ್ ಅಂಗಡಿಯ ಟ್ಯೂಬಿನಂತೆ ಅದೇ ಗುಳ್ಳೆಯೆಬ್ಬಿಸಿ ತೋರಿಸುತ್ತದೆ.

ಒತ್ತಡಕ್ಕೆ ಸಲ್ಲಬೇಕಾದ ಗೌರವ

ಈ ಕೆಲಸದಲ್ಲಿ ಬಿಯರಿಗಿಂತ ಮೊದಲು ಕಾಪಾಡಬೇಕಾದದ್ದು ಮನುಷ್ಯರನ್ನು. ಹಳೆಯ ಕಾರ್ನಿಗಳ ಮೈಮೇಲೆ ಅವು ತಡೆಯುವ ಒತ್ತಡವನ್ನು ಅಚ್ಚೊತ್ತಿರುತ್ತಾರೆ, ಸಾಮಾನ್ಯವಾಗಿ 130 ಪಿಎಸ್‌ಐ. ಪ್ಲಾಸ್ಟಿಕ್ ಕೆಗ್‌ಗಳು, ಹುದುಗಿಸುವ ಪ್ಲಾಸ್ಟಿಕ್ ಪಾತ್ರೆಗಳು ಅದರ ಹತ್ತಿರವೂ ಬರುವುದಿಲ್ಲ. ಅನೇಕವುಗಳ ಮಿತಿ 35 ಪಿಎಸ್‌ಐ. ಇತ್ತ ಸಿಲಿಂಡರಿನೊಳಗೆ 20 ಡಿಗ್ರಿಯಲ್ಲಿ 800 ಪಿಎಸ್‌ಐಗೂ ಮೀರಿದ ಒತ್ತಡವಿರುತ್ತದೆ. ನಡುವೆ ರೆಗ್ಯುಲೇಟರ್ ಇಲ್ಲದೆ ಅನಿಲವನ್ನು ಕೆಗ್‌ಗೆ ಬಿಡುವುದು ಪ್ರಾಣಕ್ಕೆ ಎರವು. 2012ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಬಿಯರ್ ಕಾರ್ಖಾನೆಯೊಂದರಲ್ಲಿ ಶುಚಿಗೊಳಿಸುತ್ತಿದ್ದ ಪ್ಲಾಸ್ಟಿಕ್ ಕೆಗ್ ಸಿಡಿದು ಒಬ್ಬ ಕಾರ್ಮಿಕ ಪ್ರಾಣ ಕಳೆದುಕೊಂಡ.

ಸ್ಯಾಂಕಿಯ ನಡುಗೊಳವೆಯನ್ನು ಬಿಚ್ಚುವುದು ಇನ್ನೂ ಎಚ್ಚರ ಬೇಡುವ ಕೆಲಸ. ಒಳಗೆ ಒತ್ತಡ ಉಳಿದಿರುವಾಗ ಅದನ್ನು ಹಿಡಿದ ಬಳೆ ತೆಗೆದರೆ ಕೊಳವೆ ಈಟಿಯಂತೆ ಮುಖಕ್ಕೆ ಚಿಮ್ಮುತ್ತದೆ. ಒತ್ತಡ ಪೂರ್ತಿ ಬಿಟ್ಟಿದೆಯೆಂದು ಎರಡು ಸಲ ಖಚಿತಪಡಿಸಿಕೊಳ್ಳದೆ ಅದಕ್ಕೆ ಕೈ ಹಾಕಬಾರದು. ಕಾರ್ಖಾನೆಯ ಸ್ಯಾಂಕಿ ಕೆಗ್ ಠೇವಣಿ ಕಟ್ಟಿ ತಂದದ್ದಾದರೂ ಆಸ್ತಿ ಕಾರ್ಖಾನೆಯದೇ. ಅದನ್ನು ಬಿಚ್ಚದೆ ಕಪ್ಲರ್ ಮೂಲಕವೇ ದಾಟಿಸಿ ಹಿಂತಿರುಗಿಸುವುದು ಸರಿಯಾದ ಕ್ರಮ.

ಇಂಗಾಲದ ಡೈಆಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ತಿಳಿಯುವುದಿಲ್ಲ. ಮನೆಬಳಕೆಯ ಸಣ್ಣ ಸಿಲಿಂಡರಿನಲ್ಲಿ 2.27 ಕೆ.ಜಿ. ಇರುತ್ತದೆ, ಅಷ್ಟೂ ಹೊರಬಂದರೆ ಸುಮಾರು 1.24 ಘನ ಮೀಟರ್ ಅನಿಲ. ಉದ್ದ, ಅಗಲ, ಎತ್ತರ ಮೂರೂ 3 ಮೀಟರ್ ಇರುವ ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯ ಶೇ 4.6ರಷ್ಟಾಗುತ್ತದೆ. ಶೇ 4ನ್ನು ಅಮೆರಿಕದ ಕಾರ್ಮಿಕ ಸುರಕ್ಷತೆಯ ಮಾನದಂಡಗಳು ಜೀವಕ್ಕೆ ತಕ್ಷಣದ ಅಪಾಯದ ಮಟ್ಟವೆಂದು ಗುರುತಿಸಿವೆ. ಕಿಟಕಿ ತೆರೆದಿಟ್ಟು ಕೆಲಸ ಮಾಡುವುದು, ನೆಲಮಾಳಿಗೆಯಲ್ಲಾದರೆ ಅನಿಲ ಅಳೆಯುವ ಎಚ್ಚರಿಕೆ ಗಂಟೆ ಇಡುವುದು, ಕೆಲಸ ಮುಗಿದ ಕೂಡಲೇ ಸಿಲಿಂಡರಿನ ವಾಲ್ವ್ ಮುಚ್ಚುವುದು ಖಂಡಿತ ಪಾಲಿಸಬೇಕಾದ ಮಾತುಗಳು.

ದಾಟಿದ ಮೇಲೆ

ತುಂಬಿದ ಕೆಗ್‌ನ ಸೇತುವೆ ಬಿಚ್ಚಿ, ಬೇಕಾದ ಒತ್ತಡಕ್ಕೆ ಅನಿಲ ಕೊಟ್ಟು, ಮೂತಿಗಳ ಮೇಲೆ ನಿಂತ ಬಿಯರನ್ನು ಕ್ರಿಮಿನಾಶಕ ಸಿಂಪಡಿಸಿ ಒರೆಸಬೇಕು. ಎಲ್ಲ ಕ್ರಮವಾಗಿ ನಡೆದಿದ್ದರೂ ಬಿಯರ್ ಒಂದಿಷ್ಟು ಅನಿಲ ಕಳೆದುಕೊಂಡಿರುತ್ತದೆ. 3 ಡಿಗ್ರಿಯಲ್ಲಿ 11 ಪಿಎಸ್‌ಐ ಒತ್ತಡ ಕೊಟ್ಟು ಒಂದೆರಡು ದಿನ ಬಿಟ್ಟರೆ ಹೆನ್ರಿಯ ನಿಯಮ ಆ ಕೊರತೆಯನ್ನು ತಾನೇ ತುಂಬಿಕೊಡುತ್ತದೆ. ಬರಿದಾದ ಕೆಗ್‌ನ ಒತ್ತಡವನ್ನು ಇಳಿಸಿ, ತಳದಲ್ಲಿ ಉಳಿದ ಗಸಿ ಒಣಗುವ ಮೊದಲೇ ತೊಳೆದು, ಕ್ರಿಮಿನಾಶಕದ ನೀರು ತುಂಬಿ ಇಂಗಾಲದ ಡೈಆಕ್ಸೈಡ್‌ನಿಂದ ಅದನ್ನು ಹೊರತಳ್ಳಿ ಮುಚ್ಚಿಟ್ಟರೆ ಅದು ಮುಂದಿನ ಬಿಯರಿಗೆ ಗಾಳಿಯಿಲ್ಲದ ಮನೆಯಾಗಿ ಸಿದ್ಧ.